ಮೂರನೆಯ ದಿನದ ರಕ್ತ

ಕಾಫಿ ಹಣ್ಣಾಗುವ ತಿಂಗಳಲ್ಲೇ ಕೊಕುಗೆ ಜ್ವರ ಬಂತು. ಅಂಗಳದ ತುಂಬ ಚಾಪೆ ಹಾಸಿ ಕಾಫಿ ಹರಡಿತ್ತು. ಅಜ್ಜಿ ಅಡೆಲಿನಾ ಕೋಲು ಹಿಡಿದು ಕೋಳಿ ಅಟ್ಟುತ್ತ ಕೂತಿದ್ದಳು. ಆರು ವರ್ಷದ ಹುಡುಗಿ ಬೆಳಗಿನ ಗಂಜಿಯನ್ನೂ ಮುಟ್ಟದೆ ಚಾಪೆಯ ಅಂಚಿಗೆ ಬಂದು ಮಲಗಿಬಿಟ್ಟಾಗ ಅಜ್ಜಿ ಅವಳ ಹಣೆ ಮುಟ್ಟಿ ನೋಡಿ ಸೊಸೆಯನ್ನು ಕೂಗಿದಳು.

"ಕೆಮಿಲೆಂಬೆ, ಕೆಲಸಕ್ಕೆ ಹೋಗೋವಾಗ ಮಗಳನ್ನೂ ಬೆನ್ನಿಗೆ ಕಟ್ಕೊಂಡು ಹೋಗು. ಕಾದ ಹಂಚಿನ ಹಾಗಿದಾಳೆ."

ಕೆಮಿಲೆಂಬೆಗೆ ನಮ್ಮ ಗುಡ್ಡದ ಆರೋಗ್ಯ ಕೇಂದ್ರದಲ್ಲಿ ಕೆಲಸ. ರಕ್ತದ ಸ್ಲೈಡ್ ನೋಡಿ ಮಲೇರಿಯಾ ಹುಳು ಇದೆಯೋ ಇಲ್ಲವೋ ಹೇಳಬೇಕು. ಆ ವರ್ಷ ದೊಡ್ಡ ಮಳೆ ಮುಗಿದ ಮೇಲೆ ಪಟ್ಟಣದಿಂದ ಒಂದು ಸಂಶೋಧನಾ ತಂಡ ಬಂದು ಅಲ್ಲೇ ಬೀಡುಬಿಟ್ಟಿತ್ತು. ಗಡಿಯಾಚೆಯ ಗುಡ್ಡಗಳಲ್ಲಿ ಹುಳು ಮಾತ್ರೆಗೆ ಬಗ್ಗುತ್ತಿಲ್ಲವೆಂಬ ಸುದ್ದಿ ಇತ್ತು. ಈಚೆಗೂ ಬಂದಿದೆಯೇ ಎಂದು ನೋಡಲು ಜ್ವರದ ಮಕ್ಕಳನ್ನು ಸೇರಿಸಿಕೊಂಡು, ಮೂರು ದಿನ ಮಾತ್ರೆ ಕೊಟ್ಟು, ಇಪ್ಪತ್ತೆಂಟು ದಿನ ಅವರ ಬೆನ್ನು ಬಿಡದೆ ರಕ್ತ ನೋಡುತ್ತಿದ್ದರು.

ಕೊಕುವಿನ ರಕ್ತದಲ್ಲಿ ಹುಳು ಇತ್ತು. ತಂಡದ ಮುಖ್ಯಸ್ಥೆ ಡಾಕ್ಟರ್ ಮ್ವಕಲಿಂಗಾ ಬಲವಂತ ಮಾಡಲಿಲ್ಲ. "ಮನೆಯಲ್ಲಿ ಕೇಳಿ ಬನ್ನಿ ಕೊಕು ಅಮ್ಮ. ಸಿಬ್ಬಂದಿಯ ಮಗು ಅಂತ ಬೇರೆ ನಿಯಮ ಇಲ್ಲ. ಸ್ಲೈಡಿನ ಮೇಲೆ ಹೆಸರಿರಲ್ಲ, ನಂಬರ್ ಮಾತ್ರ."

ಕೆಮಿಲೆಂಬೆಯ ಗಂಡ ಕಮುಗಿಶಾ ಕಾಫಿ ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು ಕೇಳಿದ.

"ಎಷ್ಟು ಸಲ ಚುಚ್ತಾರೆ?"

"ಎಂಟು ಸಲ."

"ಎಂಟು ಸಲ ಚುಚ್ಚೋಕೆ ಅವಳೇನು ಬಟ್ಟೆ ಹೊಲಿಯೋ ಮೆಷಿನ್ನಾ?" ಎಂದಳು ಅಡೆಲಿನಾ.

ಆಗ ಮೂಲೆಯ ಸ್ಟೂಲಿನಿಂದ ಇಶೆಂಗೋಮ ಮಾತಾಡಿದ. ಅವನು ಕಮುಗಿಶಾನ ಅಪ್ಪ. ಕೆಮಿಲೆಂಬೆ ಈಗ ಕೂರುವ ಮೇಜಿನ ಮುಂದೆ ಮೂವತ್ತನಾಲ್ಕು ವರ್ಷ ಕೂತು ಎದ್ದವನು. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಗುಡ್ಡದವರೆಲ್ಲ ಅವನನ್ನು ಡಕ್ತಾರಿ, ಅಂದರೆ ಡಾಕ್ಟರ್, ಎಂದೇ ಕರೆಯುತ್ತಾರೆ. ಮದುವೆಯಾಗಿ ಬಂದ ಸೊಸೆಗೆ ಮನೆಯಲ್ಲೇ ಕೂರಿಸಿಕೊಂಡು ಹುಳು ಗುರುತಿಸುವುದನ್ನು ಕಲಿಸಿದವನೂ ಅವನೇ. ಗುಜರಿಗೆ ಹೋಗಬೇಕಿದ್ದ ಕನ್ನಡಿಯ ಮೈಕ್ರೋಸ್ಕೋಪೊಂದನ್ನು ಮನೆಗೆ ತಂದು, ಹಗಲು ಬಿಸಿಲಿಗಿಟ್ಟು, ಮೊಮ್ಮಗಳಿಗೆ ಇರುವೆಯ ಕಾಲು, ಈರುಳ್ಳಿಯ ಸಿಪ್ಪೆ ತೋರಿಸುತ್ತಿದ್ದ.

"ಸೇರಿಸಿ," ಎಂದ. "ಹೊರಗಿದ್ರೂ ಅದೇ ಮಾತ್ರೆ ಕೊಡೋದು. ಒಳಗಿದ್ರೆ ಹಿಂದೆ ಬಿದ್ದು ನೋಡ್ತಾರೆ."

ಕಮುಗಿಶಾ ಕಾಗದಕ್ಕೆ ಸಹಿ ಹಾಕಿದ.

ಮೂರು ದಿನ ಮಾತ್ರೆ ನುಂಗಿಸುವುದು ಅಡೆಲಿನಾಳ ಪಾಲಿಗೆ ಬಂತು. ಕೊಬ್ಬಿನ ಜೊತೆ ತಿಂದರೆ ಮಾತ್ರೆ ಮೈಗೆ ಹಿಡಿಯುತ್ತದೆ ಎಂದಿದ್ದರು. ಅವಳು ಹಾಲು ಕಾಸಿ, ಕೆನೆಯ ಸಮೇತ ಕೊಟ್ಟಳು. ಒಮ್ಮೆ ವಾಂತಿಯಾಯಿತು, ಮತ್ತೆ ಕೊಟ್ಟಳು. ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಮೂರನೇ ದಿನ ಕೊಕು ಕೋಳಿಯ ಹಿಂದೆ ಓಡುತ್ತಿದ್ದಳು.

ಮೂರನೇ ದಿನದ ರಕ್ತ ಮುಖ್ಯ. ಅಷ್ಟು ಹೊತ್ತಿಗೆ ಹುಳು ಪೂರ್ತಿ ಹೋಗಿರಬೇಕು. ಅವತ್ತು ಅಜ್ಜ ಅವಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಂದ. ಬಂದವನು ಅಂಗಳದಲ್ಲಿ ಅವಳ ಬೆರಳಿನ ಹತ್ತಿ ಬಿಚ್ಚಿ, ಮೆಲ್ಲಗೆ ಹಿಂಡಿ, ಒಂದು ಹನಿಯನ್ನು ತನ್ನ ಗಾಜಿಗೂ ತಗೊಂಡ. ಒಣಗಿಸಿದ, ಹಳೆಯ ಸೀಸೆಯ ನೇರಳೆ ಬಣ್ಣ ಹಾಕಿ ತೊಳೆದ, ಮಧ್ಯಾಹ್ನದ ಬಿಸಿಲಿಗೆ ಕನ್ನಡಿ ತಿರುಗಿಸಿ ಕೂತ. ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.

ಸಂಜೆ ಎಲ್ಲರೂ ಬಾಳೆಕಾಯಿ-ಕಾಳಿನ ತಟ್ಟೆಯ ಸುತ್ತ ಕೂತಾಗ ಹೇಳಿದ.

"ಇನ್ನೂ ಇದೆ."

"ಏನು ಇದೆ?" ಎಂದಳು ಕೆಮಿಲೆಂಬೆ.

"ಹುಳು. ಕೊಕು ರಕ್ತದಲ್ಲಿ. ಕಡಿಮೆ, ಆದ್ರೆ ಇದೆ. ಉಂಗುರದ ಆಕಾರದವು, ಎರಡು ಕಂಡೆ."

ಅಡೆಲಿನಾ ಸೌಟು ಕೆಳಗಿಟ್ಟಳು. "ನೀವೂ ಚುಚ್ಚಿದ್ರಾ? ಅವರ ಎಂಟು ಸಾಲದು ಅಂತ ಒಂಬತ್ತನೇದು ನಿಮ್ಮದಾ?"

"ಚುಚ್ಚಲಿಲ್ಲ ಕಣೇ. ಅದೇ ತೂತು."

"ಅಜ್ಜ ಹಿಂಡಿದ್ರು," ಎಂದಳು ಕೊಕು, ಬಾಯಿ ತುಂಬ ಬಾಳೆಕಾಯಿ. "ನೋಯಲಿಲ್ಲ. ನನಗೆ ಸಕ್ಕರೆ ಕೊಟ್ರು."

ಕೆಮಿಲೆಂಬೆ ಉಣ್ಣುವುದನ್ನು ನಿಲ್ಲಿಸಿದ್ದಳು. "ಅಪ್ಪ, ಇವತ್ತಿನ ಸ್ಲೈಡ್‌ಗಳೆಲ್ಲ ನಾನೇ ನೋಡಿದೀನಿ. ಮೂರನೇ ದಿನದವು ಏಳು ಇದ್ವು. ಏಳರಲ್ಲೂ ಏನೂ ಇರಲಿಲ್ಲ."

"ನಿನಗೆ ಕಾಣಲಿಲ್ಲ ಅನ್ನು."

"ನಿಮ್ಮ ಕಣ್ಣಲ್ಲಿ ಪೊರೆ ಇದೆ ಅಪ್ಪ. ಮೊನ್ನೆ ಉಪ್ಪಿನ ಡಬ್ಬಿ ಅಂತ ಸೋಡಾ ಪುಡಿ ಕೊಟ್ರಿ. ಬಣ್ಣದ ಕೊಳೆ ಕೂತಿರೋದನ್ನ ನೋಡಿ ಹುಳು ಅಂದಿರ್ತೀರಿ."

"ಕೊಳೆ ಯಾವುದು ಹುಳು ಯಾವುದು ಅಂತ ನಿನಗೆ ತೋರಿಸಿಕೊಟ್ಟೋನು ಯಾರು?"

"ನೀವೇ. ಆಗ ನಿಮಗೆ ಕಣ್ಣು ಕಾಣ್ತಿತ್ತು."

ಮುದುಕ ಎದ್ದು ಕೈ ತೊಳೆದುಕೊಂಡ. ಕಮುಗಿಶಾ ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆಯ ಕಡೆ ನೋಡುತ್ತಿದ್ದಳು.

ಅವಳಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಹುಳು ಇಲ್ಲ ಎಂದು ಬರೆಯಬೇಕಾದರೆ ಗಾಜನ್ನು ನೂರು ಸಲ ಸರಿಸಿ ನೂರು ಕಡೆ ನೋಡಿರಬೇಕು. ಅವತ್ತು ಮಧ್ಯಾಹ್ನ ಕೊನೆಯ ಎರಡು ಸ್ಲೈಡ್‌ಗಳಲ್ಲಿ ಅವಳು ಅರವತ್ತಕ್ಕೆ ನಿಲ್ಲಿಸಿದ್ದಳು. ಮೂರು ದಿನದಿಂದ ಮಗಳ ಪಕ್ಕ ಎಚ್ಚರವಿದ್ದು ಸರಿಯಾಗಿ ಮಲಗಿರಲಿಲ್ಲ. ಮನೆಗೆ ಬಂದರೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಅವಳು ಡಾಕ್ಟರ್ ಮುಂದೆ ನಿಂತಳು. ಮಾವ ಹೇಳಿದ್ದನ್ನೂ ಹೇಳಿದಳು, ಅರವತ್ತರ ವಿಷಯವನ್ನೂ ಹೇಳಿದಳು.

ಡಾಕ್ಟರ್ ಮ್ವಕಲಿಂಗಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರತಿ ಸ್ಲೈಡನ್ನ ಇಬ್ಬರು ನೋಡ್ತೀರಿ, ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ನಿನ್ನೆ ಒಂದರಲ್ಲಿ ನಿಮಗೂ ಪಕ್ಕದ ಮೇಜಿನ ಪ್ರೊಜೆಸ್ಟಸ್‌ಗೂ ತಾಳೆ ಆಗಿಲ್ಲ. ಅವರು ಹುಳು ಇದೆ ಅಂದಿದಾರೆ. ಯಾವ ಮಗುವಿನದು ಅಂತ ನಾನು ಹೇಳೋ ಹಾಗಿಲ್ಲ. ಪಟ್ಟಣಕ್ಕೆ ಕಳಿಸ್ತೀನಿ, ಮೂರನೆಯವರು ನೋಡ್ತಾರೆ."

"ಸರಿ ಡಾಕ್ಟ್ರೇ."

"ಅರವತ್ತು ಇದೊಂದೇ ದಿನವಾ?"

"ಇದೊಂದೇ ದಿನ."

"ನಂಬ್ತೀನಿ. ಆದ್ರೆ ಕಾಗದ ನಂಬಲ್ಲ. ಈ ತಿಂಗಳು ನೀವು ನೋಡಿದ್ದೆಲ್ಲ ಮತ್ತೆ ನೋಡಿಸಬೇಕು. ಅಲ್ಲೀವರೆಗೆ ಮೈಕ್ರೋಸ್ಕೋಪ್ ಮುಟ್ಟಬೇಡಿ. ದಿನ ತಪ್ಪಿಸಿದ ಮಕ್ಕಳನ್ನ ಬೈಕಿನಲ್ಲಿ ಹೋಗಿ ಕರ್ಕೊಂಡು ಬನ್ನಿ."

ಎರಡು ದಿನದಲ್ಲಿ ಗುಡ್ಡಕ್ಕೆಲ್ಲ ಸುದ್ದಿ ಹರಡಿತು. ಡಕ್ತಾರಿಯ ಸೊಸೆಯನ್ನು ಕೆಲಸದಿಂದ ತೆಗೆದರಂತೆ ಎಂದು ಬಾವಿಯ ಹತ್ತಿರ ಯಾರೋ ಅಂದರು. ಅಡೆಲಿನಾ ಬಿಂದಿಗೆ ಅಲ್ಲೇ ಇಟ್ಟು, "ತೆಗೆದಿಲ್ಲ, ಬೈಕು ಕೊಟ್ಟಿದಾರೆ. ನಿಮ್ಮನೇಲಿ ಯಾರಿಗೆ ಕೊಟ್ಟಿದಾರೆ?" ಎಂದು ಹೇಳಿ ಬಂದಳು. ಮನೆಗೆ ಬಂದ ಮೇಲೆ ಮಾತ್ರ ಪಾತ್ರೆಗಳನ್ನೆಲ್ಲ ದಡಬಡ ಕುಕ್ಕಿದಳು.

ಕಮುಗಿಶಾ ಸುಮ್ಮನಿರಲಿಲ್ಲ. ಕಾಫಿ ತಿರುವಿ ಹಾಕುತ್ತಿದ್ದ ಅಪ್ಪನ ಎದುರು ಬಂದು ನಿಂತ.

"ಸಮಾಧಾನ ಆಯ್ತಾ ಅಪ್ಪ? ಮನೆ ಮಾತು ಮನೇಲೇ ಇದ್ದಿದ್ರೆ ಅವಳ ಕೆಲಸ ಇರ್ತಿತ್ತು."

"ನಾನು ಕೇಂದ್ರಕ್ಕೆ ಹೋಗಿ ಹೇಳಿದ್ನಾ?"

"ಊಟದ ಮುಂದೆ ಹೇಳಿದ್ರಲ್ಲ. ಅಷ್ಟು ಸಾಕು ಅವಳಿಗೆ. ನಿಮ್ಮ ಶಿಷ್ಯೆ ಅಲ್ವಾ, ಸುಳ್ಳು ಹೇಳೋಕೆ ಬರಲ್ಲ."

ಮುದುಕ ಅವತ್ತಿನಿಂದ ಊಟಕ್ಕೆ ಒಳಗೆ ಬರುವುದನ್ನೇ ಬಿಟ್ಟ. ಕಾಫಿ ಮೂಟೆಯ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದ. ಕೊಕು ತಟ್ಟೆ ಒಯ್ದು ಕೊಡುತ್ತಿದ್ದಳು. ಒಯ್ದವಳು ಅಲ್ಲೇ ಕೂತು ತನ್ನದನ್ನೂ ಮುಗಿಸಿ ಬರುತ್ತಿದ್ದಳು.

"ಕೋಣೇಲಿ ಕೂತು ಉಂಡ್ರೆ ಬಾಳೆಕಾಯಿ ರುಚಿ ಜಾಸ್ತಿಯಂತಾ?" ಎಂದು ಅಡೆಲಿನಾ ಗೋಡೆಗೆ ಕೇಳುವ ಹಾಗೆ ಕೇಳುತ್ತಿದ್ದಳು. ಗೋಡೆಯಾಚೆಯಿಂದ, "ಉಪ್ಪು ಕಮ್ಮಿ," ಎಂದು ಬರುತ್ತಿತ್ತು.

ಏಳನೆಯ ದಿನದ ರಕ್ತ ಕೊಟ್ಟು ಬಂದರು. ಮರುದಿನ ಸಂಜೆ ಅತ್ತೆ ಸೊಸೆ ಹಿತ್ತಲಲ್ಲಿ ಕೂತು ಬಾಳೆಕಾಯಿ ಸುಲಿಯುತ್ತಿದ್ದರು. ಕೆಮಿಲೆಂಬೆಯ ಕಾಲಿನ ತನಕ ಕೆಂಪು ಧೂಳು. ಅವತ್ತು ಮೂರು ಗುಡ್ಡ ಸುತ್ತಿ ನಾಲ್ಕು ಮಕ್ಕಳನ್ನು ಕರೆತಂದಿದ್ದಳು.

"ಅಮ್ಮ, ಅಪ್ಪನಿಗೆ ಎರಡು ಹುಳುವಿನ ಮೇಲೆ ಯಾಕಿಷ್ಟು ಹಟ?"

ಅಡೆಲಿನಾ ಚಾಕು ನಿಲ್ಲಿಸಲಿಲ್ಲ. "ನೀನು ಆಗ ಚಿಕ್ಕವಳು. ಹಳೇ ಬಿಳಿ ಮಾತ್ರೆ ಇತ್ತಲ್ಲ, ಕಹಿ, ತಿಂದ್ರೆ ಮೈ ಕಡಿಯೋದು. ಆ ಮಾತ್ರೆ ಕೆಲಸ ಮಾಡೋದು ನಿಂತುಹೋಗಿತ್ತು. ಇವರಿಗೆ ಗೊತ್ತಿತ್ತು. ಕೊಟ್ಟ ಮೂರು ದಿನಕ್ಕೂ ಹುಳು, ಏಳು ದಿನಕ್ಕೂ ಹುಳು. ದಾಖಲೆ ಪುಸ್ತಕದ ಅಂಚಿನಲ್ಲಿ ಬರೀತಿದ್ರು. ಮೇಲಿನೋರು ಬಂದು, ನಿನ್ನ ಕೆಲಸ ಹುಳು ಇದೆ ಇಲ್ಲ ಅಂತ ಬರೆಯೋದು, ಮಿಕ್ಕಿದ್ದು ನಮಗೆ ಬಿಡು ಅಂದ್ರು. ಇನ್ನೂ ಮೂರ್ನಾಲ್ಕು ವರ್ಷ ಅದನ್ನೇ ಕೊಟ್ರು."

"ಆಮೇಲೆ?"

"ಆಮೇಲೇನು. ಬೆಳಿಗ್ಗೆ ಯಾವ ಮಗುವಿನ ರಕ್ತ ನೋಡಿದ್ರೋ, ವಾರ ಬಿಟ್ಟು ಅದರ ಹೆಣದ ಪೆಟ್ಟಿಗೆಗೆ ಹೆಗಲು ಕೊಡೋಕೆ ಹೋಗೋರು. ಬಂದು ಸ್ನಾನ ಮಾಡೋರು, ಉಣ್ತಿರಲಿಲ್ಲ. ಒಂದು ಮಳೆಗಾಲಕ್ಕೆ ಹನ್ನೊಂದು ಸಲ." ಸುಲಿದ ಕಾಯಿಯನ್ನು ನೀರಿಗೆ ಹಾಕಿದಳು. "ನಿನ್ನ ಗಂಡನಿಗೂ ಇದು ಗೊತ್ತಿಲ್ಲ. ಅವನಿಗೆ ಆಗ ಆಟದ ವಯಸ್ಸು."

ಕೆಮಿಲೆಂಬೆ ಅದನ್ನು ಗಂಡನಿಗೆ ಹೇಳಿದಳು. ಅವನು ಕೇಳಿಸಿಕೊಂಡ, ಆದರೂ ಸಿಟ್ಟು ಇಳಿಯಲಿಲ್ಲ. "ಹಾಗಿದ್ರೆ ಅವರ ಕಣ್ಣು ಎಷ್ಟು ಸರಿ ಇದೆ ಅಂತ ನೋಡೇಬಿಡೋಣ," ಎಂದ. ಭಾನುವಾರ ಇಗರ್ಜಿಯಿಂದ ಬರುವಾಗ ಪ್ರೊಜೆಸ್ಟಸ್‌ನನ್ನೇ ಕರೆದುಕೊಂಡು ಬಂದ. ಪ್ರೊಜೆಸ್ಟಸ್ ದಪ್ಪಗಿನ, ನಾಚಿಕೆಯ ಮನುಷ್ಯ. ಕಲಿಯುವವರಿಗೆಂದು ಇಟ್ಟಿದ್ದ ಹತ್ತು ಸ್ಲೈಡ್ ಅವನ ಚೀಲದಲ್ಲಿತ್ತು.

"ಡಕ್ತಾರಿ, ಸುಮ್ಮನೆ ಒಂದು ಆಟ," ಎಂದ.

"ಆಟ ಆಡೋ ವಯಸ್ಸಾ ನನ್ನದು? ಪರೀಕ್ಷೆ ಅನ್ನು. ಕೊಡು."

ಇಶೆಂಗೋಮ ಮೈಕ್ರೋಸ್ಕೋಪನ್ನು ಅಂಗಳಕ್ಕೆ ತರಿಸಿ, ಕೋಟು ತೆಗೆದು, ಒಂದೊಂದಕ್ಕೂ ನೂರು ಎಣಿಸಿ ನೋಡಿದ. ಹತ್ತು ಮುಗಿಯುವಾಗ ಬಿಸಿಲು ಬಾಳೆತೋಟದ ಆಚೆಗೆ ಸರಿದಿತ್ತು. ಪ್ರೊಜೆಸ್ಟಸ್ ತನ್ನ ಚೀಟಿ ಬಿಚ್ಚಿ ತಾಳೆ ನೋಡಿದ. ಆರು ಸರಿ. ನಾಲ್ಕು ತಪ್ಪು. ತಪ್ಪಾದ ನಾಲ್ಕರಲ್ಲಿ ಮೂರು, ಬರೀ ಕೊಳೆಯನ್ನು ಹುಳು ಎಂದದ್ದು.

ಕಮುಗಿಶಾ ತಾನೇ ಕರೆಸಿದ್ದು ಎಂಬುದನ್ನು ಮರೆತವನ ಹಾಗೆ ಕಾಫಿ ಚಾಪೆ ಮಡಿಸತೊಡಗಿದ.

"ಹಾಗಾದ್ರೆ ಕೊಕುದೂ ಕೊಳೆಯೇ ಇರಬೇಕು," ಎಂದ ಮುದುಕ ಕೊನೆಗೆ. "ಸುಮ್ಮನೆ ನಿನ್ನ ಕೆಲಸ ಕಳೆದೆ ಕಣಮ್ಮ."

ಪ್ರೊಜೆಸ್ಟಸ್ ಕೆಮ್ಮಿದ. "ಅದು... ಪಟ್ಟಣದಿಂದ ಮೂರನೆಯವರ ಉತ್ತರ ನಿನ್ನೆ ಬಂತು. ಆ ಒಂದು ಸ್ಲೈಡಿನಲ್ಲಿ ಹುಳು ಇತ್ತು ಡಕ್ತಾರಿ. ಯಾರದೋ ನನಗೆ ಗೊತ್ತಿಲ್ಲ. ಅವತ್ತು ತಾಳೆ ಆಗದ್ದು ಅದೊಂದೇ."

"ಹಾಗಾದ್ರೆ ನಾನು ಸರಿ."

"ಅವತ್ತು ಸರಿ," ಎಂದಳು ಕೆಮಿಲೆಂಬೆ. "ಇವತ್ತು ಆರು."

ಮುದುಕ ನಕ್ಕ. "ನನ್ನ ಹತ್ರ ಕಲಿತವರು ಆರು ತಗೊಂಡಿದ್ರೆ ನಾನು ಮೇಜು ಕೊಡ್ತಿರಲಿಲ್ಲ," ಎಂದು, ತಾನೇ ಎದ್ದು ಒಳಗೆ ಬಂದು ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತ. ಅಡೆಲಿನಾ ಉಪ್ಪಿನ ಡಬ್ಬಿ ಅವನ ಮುಂದೆ ತಳ್ಳಿದಳು.

ಏಳನೇ ದಿನದ್ದೂ ಹದಿನಾಲ್ಕನೇ ದಿನದ್ದೂ ಚೊಕ್ಕ ಬಂದವು. ಕೆಮಿಲೆಂಬೆಯ ಹಳೆಯ ಸ್ಲೈಡ್‌ಗಳಲ್ಲೂ ಬೇರೆ ತಪ್ಪು ಸಿಗಲಿಲ್ಲ. ಮುಂದಿನ ವಾರ ಮೇಜಿಗೆ ವಾಪಸ್ ಎಂದರು. ಮನೆಯಲ್ಲಿ ನಗು ಮರಳಿತ್ತು. ಆಗಲೇ ಇಪ್ಪತ್ತನೇ ದಿನ ಕೊಕು ಮತ್ತೆ ಚಳಿ ಎಂದು ಅಜ್ಜಿಯ ಮಡಿಲಿಗೆ ಬಂದು ಮುದುಡಿಕೊಂಡಳು. ಬೆಳಗಾಗುವಾಗ ಜ್ವರ ಸುಡುತ್ತಿತ್ತು.

ಇಪ್ಪತ್ತೊಂದನೇ ದಿನದ ರಕ್ತ ಕೊಡಬೇಕಾದದ್ದು ಅವತ್ತೇ. ಕೆಮಿಲೆಂಬೆ ಬೈಕು ಹೊರಗೆ ತೆಗೆದಳು. ಕಮುಗಿಶಾ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ.

"ಸಾಕು. ಕೇಂದ್ರಕ್ಕೆ ಬೇಡ. ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಬೇರೆ ಮಾತ್ರೆ ಕೊಡ್ಲಿ. ಅವರ ಪುಸ್ತಕ ತುಂಬಿಸೋಕೆ ನನ್ನ ಮಗಳೇ ಬೇಕಾ?"

"ಬೇರೆ ಮಾತ್ರೆ ಕೇಂದ್ರದಲ್ಲೇ ಇದೆ," ಎಂದಳು ಕೆಮಿಲೆಂಬೆ. "ಪೇಟೆಗೆ ಎರಡು ಗಂಟೆ ದಾರಿ. ಅಲ್ಲಿ ಮತ್ತೆ ಅದೇ ಮೊದಲಿನ ಮಾತ್ರೆ ಕೊಟ್ರೆ?"

"ನಿನ್ನ ಡಾಕ್ಟರಮ್ಮನಿಗೆ ಮೊದಲೇ ಗೊತ್ತಿತ್ತಲ್ಲ ಮೂರನೇ ದಿನ ಹುಳು ಇತ್ತು ಅಂತ. ಆಗಲೇ ಬದಲಾಯಿಸಬಹುದಿತ್ತಲ್ಲ."

"ಆಗ ಜ್ವರ ಇರಲಿಲ್ಲ, ಏಳಕ್ಕೆ ರಕ್ತ ಚೊಕ್ಕ ಆಯ್ತು. ನಾನು ತಾಯಿ ಅಲ್ವಾ? ನನಗೆ ಹೆದರಿಕೆ ಇಲ್ವಾ?"

ಅಡೆಲಿನಾ ಮಗನ ಪಕ್ಕ ನಿಂತಿದ್ದಳು. ಅವಳ ಮುಖ ನೋಡಿದರೆ ಪೇಟೆಗೇ ಹೋಗಲಿ ಎನ್ನುವಂತಿತ್ತು. ಇಶೆಂಗೋಮ ನಿಧಾನವಾಗಿ ಹೊರಗೆ ಬಂದ. ಮಗನ ಮುಂದೆ ನಿಂತು ಮೊದಲ ಸಲ ಬೇಡುವ ದನಿಯಲ್ಲಿ ಮಾತಾಡಿದ.

"ಕಮುಗಿಶಾ, ಪೇಟೆಗೆ ಹೋದ್ರೂ ಇವಳು ವಾಸಿ ಆಗ್ತಾಳೆ, ಆಗಲಿ. ಆದ್ರೆ ಅಲ್ಲಿ ಇವಳ ಜ್ವರ ಬರೀ ಒಂದು ಜ್ವರ. ಇಲ್ಲಿ ಮೊದಲ ದಿನದ ರಕ್ತದ ಹನಿ ಕಾಗದದ ಮೇಲೆ ಒಣಗಿಸಿ ಇಟ್ಟಿದಾರೆ. ಇವತ್ತಿನದೂ ಸೇರಿದ್ರೆ ಇದು ಅದೇ ಹುಳುವೋ ಹೊಸ ಸೊಳ್ಳೆ ತಂದಿದ್ದೋ ಅಂತ ಹೇಳಬಹುದು. ನನ್ನ ಕಾಲದಲ್ಲಿ ಹಾಗೆ ಕೇಳೋರು ಒಬ್ಬರೂ ಇರಲಿಲ್ಲ ಮಗ. ಒಬ್ಬರೂ. ಇವರು ಕೇಳ್ತಿದಾರೆ."

ಕಮುಗಿಶಾ ಬಾಗಿಲಿಂದ ಕೆಳಗಿಳಿದ. ಹೆಂಡತಿ ಹೇಳಿದ್ದ ಹನ್ನೊಂದು ಪೆಟ್ಟಿಗೆಯ ಮಾತು ಅವನಿಗೆ ಆಗ ನೆನಪಾಗಿರಬೇಕು.

"ಎಡಗೈಯ ಸಣ್ಣ ಬೆರಳು," ಎಂದಳು ಕೊಕು ಅಪ್ಪನ ಹೆಗಲ ಮೇಲಿಂದ, ಕಣ್ಣು ಮುಚ್ಚಿಕೊಂಡೇ. "ಅದನ್ನ ಇನ್ನೂ ಚುಚ್ಚಿಲ್ಲ."

ಕಮುಗಿಶಾ ಬೈಕಿನ ಹಿಂದೆ ಮಗಳನ್ನು ಎದೆಗೊತ್ತಿಕೊಂಡು ಕೂತ. ಕೇಂದ್ರದಲ್ಲಿ ರಕ್ತ ತೆಗೆದುಕೊಂಡ ಕೂಡಲೇ ಬೇರೆ ಮಾತ್ರೆ ಕೊಟ್ಟರು. ಮೂರು ಹಗಲು ಡಾಕ್ಟರ್ ಮ್ವಕಲಿಂಗಾ ತಾವೇ ಮನೆಗೆ ಬಂದು ನೋಡಿ ಹೋದರು. ಒಂದು ದಿನ ಅಡೆಲಿನಾ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದಳು, ಮಾರನೇ ದಿನ ಕೂರಿಸಿ ಹಾಲು ಕೊಟ್ಟಳು. ನಾಲ್ಕನೇ ದಿನ ಹುಡುಗಿ ಹಸಿವು ಎಂದಳು. ಎರಡು ಸಲ ಬಡಿಸಿಕೊಂಡಳು. ಅದಾದ ಮೇಲೆ ತೆಗೆದ ಯಾವ ರಕ್ತದಲ್ಲೂ ಹುಳು ಇರಲಿಲ್ಲ. ಆ ಸ್ಲೈಡ್‌ಗಳನ್ನು ನೋಡಿದವರಲ್ಲಿ ಕೆಮಿಲೆಂಬೆಯೂ ಒಬ್ಬಳು, ಎಲ್ಲಕ್ಕೂ ನೂರು.

ಉತ್ತರ ಬಂದದ್ದು ನವೆಂಬರಿನಲ್ಲಿ, ಸೆನೆನೆ ಮಿಡತೆಗಳು ಗುಡ್ಡಕ್ಕೆ ಇಳಿಯುವ ಕಾಲಕ್ಕೆ. ಡಾಕ್ಟರ್ ಬಂದಾಗ ಮನೆಯವರೆಲ್ಲ ಬುಟ್ಟಿಯ ಸುತ್ತ ಕೂತು, ಹುರಿದು ತಿನ್ನಲೆಂದು, ಮಿಡತೆಯ ರೆಕ್ಕೆ ಕಾಲು ಕೀಳುತ್ತಿದ್ದರು. ಅವರಿಗೂ ಒಂದು ಹಿಡಿ ಕೊಟ್ಟು ಕೂರಿಸಿದರು.

"ಅದೇ ಹುಳು," ಎಂದರು ಡಾಕ್ಟರ್. "ಹೊಸದಲ್ಲ. ಮಾತ್ರೆ ಅದನ್ನ ಪೂರ್ತಿ ಕೊಂದಿರಲಿಲ್ಲ. ಎಂಬತ್ತೆಂಟು ಮಕ್ಕಳಲ್ಲಿ ಆರು ಜನರದ್ದು ಹೀಗೇ. ಹೆಚ್ಚಿನವರಿಗೆ ಮಾತ್ರೆ ಇನ್ನೂ ಕೆಲಸ ಮಾಡ್ತಿದೆ. ಆದ್ರೆ ಆರು ಅಂದ್ರೆ ಸುಮ್ಮನಿರೋ ಸಂಖ್ಯೆ ಅಲ್ಲ."

"ಮೇಲಿನವರು ಏನಂದ್ರು?" ಇಶೆಂಗೋಮ ಕೇಳಿದ. ಅವನ ಕೈ ಬುಟ್ಟಿಯಲ್ಲೇ ನಿಂತಿತ್ತು.

"ಮೊನ್ನೆ ಕಳಿಸಿದ್ವಿ, ನಿನ್ನೆ ಫೋನ್ ಬಂತು. ಇನ್ನೂ ನಾಲ್ಕು ಕೇಂದ್ರದಲ್ಲಿ ಶುರು ಮಾಡಿ ಅಂದ್ರು. ಬೇರೆ ಮಾತ್ರೆಯ ದಾಸ್ತಾನು ಈ ಜಿಲ್ಲೆಗೆ ಮೊದಲು ಕಳಿಸ್ತಾರಂತೆ."

"ನಿನ್ನೆಯೇ?"

"ನಿನ್ನೆಯೇ ಬಾಬಾ."

ಮುದುಕ ಎದ್ದು ಬಾಳೆತೋಟದ ಕಡೆ ನಡೆದ. ಅಡೆಲಿನಾ ಹಿಂದೆ ಹೋಗಲು ಹೊರಟ ಕೊಕುವಿನ ಲಂಗ ಹಿಡಿದು ಕೂರಿಸಿದಳು. "ಬಿಡು ಅಜ್ಜನನ್ನ. ಬರ್ತಾರೆ."

ಅವನು ಬರುವ ಹೊತ್ತಿಗೆ ಇನ್ನೊಂದು ಮಾತು ಹೊರಗೆ ಬಿದ್ದಿತ್ತು. ನಾಲ್ಕು ಕೇಂದ್ರಗಳವರಿಗೆ ಸ್ಲೈಡ್ ನೋಡುವುದನ್ನು ಹೇಳಿಕೊಡಲು ಒಬ್ಬರು ಬೇಕಿತ್ತು; ಅದಕ್ಕೆ ಮೊದಲು ಸರೋವರದ ಆಚೆ ದಡದ ಮ್ವಾಂಝಾದಲ್ಲಿ ಆರು ವಾರದ ತರಬೇತಿ. ಡಾಕ್ಟರ್ ಕೆಮಿಲೆಂಬೆಯ ಹೆಸರು ಕೊಟ್ಟಿದ್ದರು.

"ನಾನು ತಪ್ಪು ಮಾಡಿದವಳು," ಎಂದಳು ಅವಳು.

"ತಪ್ಪು ಮಾಡಿ ಬಂದು ಹೇಳಿದವರು. ಅದನ್ನ ಕಲಿಸೋದು ಕಷ್ಟ. ಉಳಿದಿದ್ದು ಕಲಿಸ್ತಾರೆ."

ಕೆಮಿಲೆಂಬೆ ಅತ್ತೆಯ ಕಡೆ ನೋಡಿದಳು. ಆರು ವಾರ ಒಲೆ, ನೀರು, ಸೌದೆ ಎಲ್ಲ ಆ ಮುದುಕಿಯ ತಲೆಗೆ.

"ನನ್ನನ್ನೇನು ನೋಡ್ತೀಯ?" ಎಂದಳು ಅಡೆಲಿನಾ, ಮಿಡತೆಯ ಕಾಲು ಕೀಳುತ್ತ. "ಮನೇಲಿ ಇಬ್ಬರು ಗಂಡಸರು ಇದಾರೆ. ನಾಲ್ಕು ಕೈ. ಹೋಗು."

ಹಡಗಿಗೆ ಹೋಗುವ ಬಸ್ಸು ಸೋಮವಾರ ಬೆಳಿಗ್ಗೆ ಹೊರಟಿತು. ಅವತ್ತು ಮಧ್ಯಾಹ್ನ ನೆರೆಯವನಾದ ನಾನು ಆ ಮನೆಯ ಹಿಂದಿನ ದಾರಿಯಲ್ಲಿ ಹಾದುಹೋದೆ. ಹಿತ್ತಲಿನಲ್ಲಿ ಅಪ್ಪ ಮಗ ಎದುರುಬದುರು ಕೂತು ಬಾಳೆಕಾಯಿ ಸುಲಿಯುತ್ತಿದ್ದರು. ನಮ್ಮ ಗುಡ್ಡದಲ್ಲಿ ಗಂಡಸರು ಸುಲಿಯುವುದನ್ನು ನಾನು ಕಂಡವನಲ್ಲ. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪು ಅಂಟು.

"ಅಪ್ಪ, ಅರ್ಧ ಕಾಯಿ ಸಿಪ್ಪೆ ಜೊತೆ ಹೋಗ್ತಿದೆ."

"ನಿನ್ನದರಲ್ಲಿ ಸಿಪ್ಪೆಯೇ ಹೋಗಿಲ್ಲ. ಅದನ್ನ ಮೊದಲು ನೋಡ್ಕೋ."

ಅಡೆಲಿನಾ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು, ಕೊಕು ಅವಳ ತಲೆಗೂದಲು ಹೆಣೆಯುತ್ತಿದ್ದಳು. "ಜಗಳ ಆಮೇಲೆ ಆಡಿ," ಎಂದಳು ಅಜ್ಜಿ. "ನೀರು ಕುದೀತಾ ಇದೆ. ನನಗೆ ಹಸಿವು."